ನಿಲ್ಲಿಸಬಾರದ ಮಾತ್ರೆ

ಪ್ರತಿದಿನ ಬೆಳಿಗ್ಗೆ ಎದ್ದು ನಮಾಝ್ ಮುಗಿಸಿ, ಒಲೆಯ ಮೇಲೆ ಚಹಾದ ನೀರಿಡುವ ಮುಂಚೆ ನಾನು ಒಂದು ಚಿಕ್ಕ ಬಿಳಿ ಮಾತ್ರೆ ನುಂಗುತ್ತೇನೆ. ಮಧ್ಯಾಹ್ನ ಊಟದ ಹೊತ್ತಿಗೆ ಅದರ ಅರ್ಧ, ಸಂಜೆ ಇನ್ನರ್ಧ. ಮನೆಗೆ ಬಂದವರು ನೋಡಿದರೆ, "ಏನು, ಇಷ್ಟು ಬೇಗ ಶುಗರ್ ಬಂತಾ ನಿನಗೆ?" ಎಂದು ಕೇಳುತ್ತಾರೆ. ಮೊದಮೊದಲು ನಾನು "ಹೌದು, ಸ್ವಲ್ಪ ಇದೆ" ಎನ್ನುತ್ತಿದ್ದೆ. ನಿಜ ಹೇಳಿದರೆ ಅರ್ಥವಾಗುವುದಿಲ್ಲ, ವಿವರಿಸಿದರೆ ಊರೆಲ್ಲ ಸುದ್ದಿಯಾಗುತ್ತದೆ ಎಂಬ ಭಯ. ಆ ಸಣ್ಣ ಸುಳ್ಳು ಒಂದು ದಿನ ನನ್ನ ಜೀವಕ್ಕೇ ಬರುವುದರಲ್ಲಿತ್ತು.

ಪ್ರಿಯ ಸಹೋದರಿಯರೇ, ನನ್ನ ಬದುಕಿನಲ್ಲಿ ಮೂರು ಸಲ ಮಾತ್ರೆ ನಿಲ್ಲಿಸಿದ ತಪ್ಪು ನಡೆದಿದೆ. ಒಂದು ನನ್ನ ತವರು ಎನ್.ಆರ್.ಪುರದಲ್ಲಿ, ಒಂದು ನಾನು ಮದುವೆಯಾಗಿ ಬಂದ ಕೊಪ್ಪದಲ್ಲಿ, ಇನ್ನೊಂದು ಶೃಂಗೇರಿಯಲ್ಲಿ. ಮೂರನೆಯದು ನನ್ನ ಮಾತ್ರೆಯಲ್ಲ, ಬೇರೊಬ್ಬರದು. ಆದರೆ ನಿಲ್ಲಿಸಿದ್ದು ನನ್ನ ಮಾತು ಕೇಳಿ. ಇದನ್ನು ಓದಿದ ಒಬ್ಬ ಸಹೋದರಿಯಾದರೂ ಎಚ್ಚೆತ್ತುಕೊಂಡರೆ ನಾನು ಬರೆದದ್ದು ಸಾರ್ಥಕ.

ಮೊದಲನೆಯದು 2003ರ ಮಾತು. ಆಗ ನನಗೆ ಹದಿನೆಂಟು ವರ್ಷ. ಕುತ್ತಿಗೆಯ ಬಲಗಡೆ ಎರಡು ಗಂಟು ಎದ್ದಿದ್ದವು. ನೋವಿರಲಿಲ್ಲ. ಸಂಜೆಯಾದರೆ ಸಣ್ಣಗೆ ಜ್ವರ. ಪರೀಕ್ಷೆ ಮಾಡಿಸಿದಾಗ ಕ್ಷಯ ಎಂದರು. ಕ್ಷಯ ಎಂದರೆ ಕೆಮ್ಮಿ ರಕ್ತ ಕಾರುವುದು ಎಂದಷ್ಟೇ ತಿಳಿದಿದ್ದ ನಮ್ಮ ಉಮ್ಮನಿಗೆ ಕುತ್ತಿಗೆಯ ಗಂಟಿಗೂ ಆ ಹೆಸರು ಇದೆ ಎಂದು ಕೇಳಿ ಕೈಕಾಲು ಬಿದ್ದುಹೋಯಿತು. ಆರು ತಿಂಗಳು ಬಿಡದೆ ಮಾತ್ರೆ ತಿನ್ನಬೇಕು ಎಂದಿದ್ದರು. ನಾಲ್ಕು ತಿಂಗಳಾಗುವಾಗ ಗಂಟು ಕರಗಿತು, ಜ್ವರ ಹೋಯಿತು, ಮೈ ತುಂಬಿತು. ಅಷ್ಟರಲ್ಲಿ ಮದುವೆಯ ಪ್ರಸ್ತಾಪಗಳೂ ಬರತೊಡಗಿದ್ದವು. ಹುಡುಗಿ ನೋಡಲು ಬಂದವರ ಕಣ್ಣಿಗೆ ಆ ಮಾತ್ರೆಗಳು ಬಿದ್ದರೆ? "ವಾಸಿಯಾಯಿತಲ್ಲ, ಇನ್ನು ಸಾಕು" ಎಂದು ಉಮ್ಮ ಉಳಿದ ಮಾತ್ರೆಗಳನ್ನು ಕಟ್ಟಿ ಅಟ್ಟದ ಮೇಲಿಟ್ಟರು. ನಾನೂ ಖುಷಿಪಟ್ಟೆ. 2005ರಲ್ಲಿ ಮದುವೆಯಾಗಿ ಕೊಪ್ಪಕ್ಕೆ ಬಂದೆ. ಕ್ಷಯದ ವಿಷಯ ಗಂಡನ ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಹತ್ತು ವರ್ಷ ಏನೂ ಆಗಲಿಲ್ಲ. ಇಬ್ಬರು ಮಕ್ಕಳಾದರು. ಮನೆಯವರದು ಸಣ್ಣ ದಿನಸಿ ಅಂಗಡಿ, ಜೊತೆಗೆ ಒಂದಿಷ್ಟು ಅಡಿಕೆ ತೋಟ. ಕೊಯ್ಲಿನ ದಿನಗಳಲ್ಲಿ ರಾತ್ರಿ ಹತ್ತು ಗಂಟೆಯವರೆಗೂ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದವಳು ನಾನು. 2015ರ ಕೊಯ್ಲಿನಲ್ಲಿ ಮೊದಲ ಸಲ ಕೈ ಸೋತಿತು. ಅರ್ಧ ಬುಟ್ಟಿ ಮುಗಿಯುವ ಮುಂಚೆಯೇ ತೋಳು ಎತ್ತಲಾಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ನಿಂತರೆ ಕಣ್ಣು ಕತ್ತಲೆ. ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದೆ. ಊಟ ಸೇರುತ್ತಿರಲಿಲ್ಲ, ಆದರೆ ಉಪ್ಪಿನ ಆಸೆ ಮಾತ್ರ ವಿಪರೀತ. ಮಿಡಿ ಮಾವಿನಕಾಯಿ ಹಾಕಿಟ್ಟ ಭರಣಿಯ ಉಪ್ಪುನೀರನ್ನು ಯಾರೂ ಇಲ್ಲದಾಗ ಲೋಟಕ್ಕೆ ಬಗ್ಗಿಸಿಕೊಂಡು ಕುಡಿದಿದ್ದೇನೆ. ಅತ್ತೆ ಕಂಡು, "ಮೂರನೆಯದಾ?" ಎಂದು ನಕ್ಕರು. ನಾನೂ ನಕ್ಕೆ. ಬಸುರಿಯಾಗಿರಲಿಲ್ಲ.

ಜೊತೆಗೆ ಮೈ ಕಪ್ಪಾಗತೊಡಗಿತು. ಬಿಸಿಲಿಗೆ ಕಪ್ಪಾಗುವ ರೀತಿಯಲ್ಲ. ಬೆರಳಿನ ಗೆಣ್ಣುಗಳು, ಅಂಗೈಯ ಗೆರೆಗಳು, ಮೊಣಕೈ, ಹಳೆಯ ಗಾಯದ ಕಲೆ, ಕೊನೆಗೆ ವಸಡು ಮತ್ತು ತುಟಿಯ ಒಳಭಾಗ ಕೂಡ. ಮದುವೆ ಮನೆಗಳಲ್ಲಿ ನೆಂಟರು, "ಯಾಕೆ ಹೀಗೆ ಕರಿದಾಗಿದ್ದೀಯಾ?" ಎಂದು ಕೇಳುವಾಗ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತು. ಯಾರೋ ಹೇಳಿದರೆಂದು ಔಷಧಿ ಅಂಗಡಿಯಿಂದ ಬಿಳಿಯಾಗುವ ಕ್ರೀಮ್ ತಂದು ಹಚ್ಚಿದೆ. ಅದರಲ್ಲಿ ಸ್ಟಿರಾಯ್ಡ್ ಇತ್ತೆಂದು ಎಷ್ಟೋ ಕಾಲದ ಮೇಲೆ ತಿಳಿಯಿತು. ಅಂತಹ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ಡಾಕ್ಟರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ನಿಯಮ ಮಾಡಿತು. ಆದರೂ ನಮ್ಮ ಹೆಣ್ಣುಮಕ್ಕಳು ಕೇಳಿ ತಂದು ಹಚ್ಚುವುದು ನಿಂತಿಲ್ಲ.

ಒಂದು ವರ್ಷ ಅಲೆದೆ. ಒಬ್ಬರು ರಕ್ತ ಕಡಿಮೆ ಎಂದರು, ಒಬ್ಬರು ಹೊಟ್ಟೆಯ ಹುಣ್ಣು ಎಂದರು, ಇನ್ನೊಬ್ಬರು "ಮನಸ್ಸಿಗೆ ಏನಾದರೂ ಚಿಂತೆ ಇದೆಯೇ?" ಎಂದು ಕೇಳಿ ನಿದ್ರೆ ಮಾತ್ರೆ ಬರೆದರು. ಸೋಮಾರಿ ಎಂಬ ಹೆಸರು ಮನೆಯಲ್ಲೇ ಬಂತು. ಹೆಂಗಸಿನ ಸುಸ್ತಿಗೆ ಎಲ್ಲರ ಬಳಿಯೂ ಒಂದು ಕಾರಣ ಸಿದ್ಧವಿರುತ್ತದೆ, ಅಲ್ಲವೇ? 2016ರ ಮಳೆಗಾಲದಲ್ಲಿ ತೂಕ ಹನ್ನೊಂದು ಕೆ.ಜಿ. ಇಳಿದಾಗ ಮನೆಯವರು ಅಂಗಡಿ ಮುಚ್ಚಿ, ಆಗುಂಬೆ ಘಾಟಿ ಇಳಿಸಿ ಮಣಿಪಾಲಕ್ಕೆ ಕರೆದುಕೊಂಡು ಹೋದರು. ಘಾಟಿಯ ತಿರುವುಗಳಲ್ಲಿ ವಾಂತಿ ಮಾಡುತ್ತಲೇ ಹೋದೆ.

ಅಲ್ಲಿನ ಡಾಕ್ಟರಮ್ಮ ಮೊದಲು ನನ್ನ ಕೈ ಹಿಡಿದು ಅಂಗೈ ನೋಡಿದರು. ನಂತರ ಬಾಯಿ ತೆರೆಸಿ ವಸಡು ನೋಡಿದರು. ಮಲಗಿಸಿ ರಕ್ತದೊತ್ತಡ ನೋಡಿ, ಎದ್ದು ನಿಲ್ಲಿಸಿ ಮತ್ತೊಮ್ಮೆ ನೋಡಿದರು. ನಿಂತಾಗ ಅದು ಇಳಿದುಹೋಗುತ್ತಿತ್ತು. "ಉಪ್ಪು ತಿನ್ನಬೇಕು ಅನಿಸುತ್ತದೆಯೇ?" ಎಂದು ಕೇಳಿದರು. ನನಗೆ ಅಳು ಬಂತು. ಅಷ್ಟು ದಿನ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ರಕ್ತದಲ್ಲಿ ಸೋಡಿಯಂ ಕಡಿಮೆ, ಪೊಟ್ಯಾಸಿಯಂ ಜಾಸ್ತಿ ಎಂದು ಬಂತು. ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ರಕ್ತ ತೆಗೆದು ಕಾರ್ಟಿಸೋಲ್ ಎಂಬುದನ್ನು ಅಳೆದರು. ಅದು ಇರಬೇಕಾದಷ್ಟು ಇರಲಿಲ್ಲ. ಒಂದು ಇಂಜೆಕ್ಷನ್ ಕೊಟ್ಟು ಗ್ರಂಥಿಯನ್ನು ಎಬ್ಬಿಸಿ ನೋಡುವ ಪರೀಕ್ಷೆಯನ್ನೂ ಮಾಡಿದರು. ಅದು ಏಳಲಿಲ್ಲ. ಸ್ಕ್ಯಾನ್‌ನಲ್ಲಿ ಎರಡೂ ಅಡ್ರಿನಲ್ ಗ್ರಂಥಿಗಳು ಊದಿಕೊಂಡಿದ್ದವು, ಅಲ್ಲಲ್ಲಿ ಸುಣ್ಣ ಕಟ್ಟಿತ್ತು.

"ನಿಮಗೆ ಮೊದಲು ಯಾವಾಗಲಾದರೂ ಕ್ಷಯ ಆಗಿತ್ತೇ?"

ಪಕ್ಕದಲ್ಲಿ ಮನೆಯವರು ಕುಳಿತಿದ್ದರು. ಹನ್ನೊಂದು ವರ್ಷ ಮುಚ್ಚಿಟ್ಟ ಮಾತು. ತಲೆ ತಗ್ಗಿಸಿ "ಹೌದು" ಎಂದೆ. ಅವರು ಏನೂ ಹೇಳಲಿಲ್ಲ. ಹೊರಗೆ ಬಂದ ಮೇಲೆ, "ಆಗಲೇ ಹೇಳಿದ್ದರೆ ಒಂದು ವರ್ಷ ಅಲೆಯುವುದು ತಪ್ಪುತ್ತಿತ್ತಲ್ಲ" ಎಂದರು ಅಷ್ಟೇ. ಅರ್ಧಕ್ಕೆ ಬಿಟ್ಟ ಆ ಎರಡು ತಿಂಗಳ ಮಾತ್ರೆಯಿಂದಲೇ ಹೀಗಾಯಿತೆಂದು ಖಚಿತವಾಗಿ ಹೇಳಲಾಗದು, ಆದರೆ ಒಳಗೆ ಉಳಿದ ಕ್ಷಯದ ರೋಗಾಣು ವರ್ಷಗಟ್ಟಲೆ ಸುಮ್ಮನಿದ್ದು ಹೀಗೆ ಗ್ರಂಥಿಯನ್ನು ತಿಂದು ಹಾಕುವುದುಂಟು ಎಂದು ಡಾಕ್ಟರಮ್ಮ ಹೇಳಿದರು.

ಈ ಗ್ರಂಥಿ ಯಾವುದು, ಅದರ ಕೆಲಸವೇನು ಎಂದು ನನಗೆ ತಿಳಿದಷ್ಟನ್ನು ಹೇಳುತ್ತೇನೆ. ನಮ್ಮ ಬೆನ್ನಿನ ಕಡೆ, ಎರಡು ಮೂತ್ರಪಿಂಡಗಳ ಮೇಲೆ ಟೋಪಿಯಿಟ್ಟಂತೆ ಒಂದೊಂದು ಅಡ್ರಿನಲ್ ಗ್ರಂಥಿ ಕುಳಿತಿರುತ್ತದೆ. ಒಂದರ ತೂಕ 4-5 ಗ್ರಾಂ, ಅಂದರೆ ಒಂದು ಚಹಾ ಚಮಚ ಸಕ್ಕರೆಯಷ್ಟು. ಅದರ ಒಳತಿರುಳಿನಿಂದ ಅಡ್ರಿನಲಿನ್ ಬರುತ್ತದೆ. ಹಾವು ಕಂಡಾಗ ಎದೆ ಹೊಡೆದುಕೊಂಡು ನಾವು ಹಾರಿ ಓಡುವುದು ಅದರ ಬಲದಿಂದ. ಹೊರಪದರದಿಂದ ಬರುವ ಹಾರ್ಮೋನುಗಳಲ್ಲಿ ಎರಡು ಬಹಳ ಮುಖ್ಯ. ಆಲ್ಡೊಸ್ಟಿರೋನ್ ಎಂಬುದು ಮೈಯ ಉಪ್ಪು ಮೂತ್ರದಲ್ಲಿ ಹರಿದುಹೋಗದಂತೆ ಕಾಯುತ್ತದೆ. ಕಾರ್ಟಿಸೋಲ್ ಎಂಬುದು ರಕ್ತದೊತ್ತಡವನ್ನು, ಸಕ್ಕರೆಯನ್ನು ಹಿಡಿದಿಡುತ್ತದೆ. ಜ್ವರ, ಗಾಯ, ಹೆರಿಗೆ, ಆಘಾತ ಬಂದಾಗ ದೇಹಕ್ಕೆ ತಡೆದುಕೊಳ್ಳುವ ಶಕ್ತಿ ಕೊಡುತ್ತದೆ. ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಅದು ಅತಿ ಹೆಚ್ಚು, ನಡುರಾತ್ರಿಯ ಹೊತ್ತಿಗೆ ಅತಿ ಕಡಿಮೆ. ಬೆಳಿಗ್ಗೆಯೇ ರಕ್ತ ತೆಗೆಯುವುದು, ಬೆಳಿಗ್ಗೆಯೇ ದೊಡ್ಡ ಮಾತ್ರೆ ಕೊಡುವುದು ಇದೇ ಕಾರಣಕ್ಕೆ.

ಮೈ ಕಪ್ಪಾಗುವುದಕ್ಕೂ ಕಾರಣವಿದೆ. ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಎ.ಸಿ.ಟಿ.ಎಚ್. ಎಂಬ ಹಾರ್ಮೋನನ್ನು ಕಳಿಸಿ ಅಡ್ರಿನಲ್‌ನಿಂದ ಕೆಲಸ ಮಾಡಿಸುತ್ತದೆ. ಅಡ್ರಿನಲ್ ಕೆಟ್ಟುಹೋದರೆ ಉತ್ತರ ಬರುವುದಿಲ್ಲ. ಆಗ ಪಿಟ್ಯುಟರಿ ಇನ್ನಷ್ಟು ಮತ್ತಷ್ಟು ಕಳಿಸುತ್ತಲೇ ಇರುತ್ತದೆ. ಆ ಹಾರ್ಮೋನಿಗೆ ಚರ್ಮದ ಬಣ್ಣ ಗಾಢವಾಗಿಸುವ ಗುಣವೂ ಇದೆ. ಅಂದರೆ ನನ್ನ ಮುಖದ ಮೇಲಿದ್ದದ್ದು ಒಳಗಿನ ಕೂಗು. ನಾನು ಅದರ ಮೇಲೆ ಕ್ರೀಮ್ ಬಳಿಯುತ್ತಿದ್ದೆ!

1855ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಆಡಿಸನ್ ಎಂಬ ವೈದ್ಯರು ಈ ಕಾಯಿಲೆಯನ್ನು ಮೊದಲು ವಿವರಿಸಿ ಪುಸ್ತಕ ಬರೆದರು. ಹಾಗಾಗಿ ಇದಕ್ಕೆ ಆಡಿಸನ್ ಕಾಯಿಲೆ ಎಂದೇ ಹೆಸರು. ಅವರು ಕಂಡ ರೋಗಿಗಳಲ್ಲಿ ಹಲವರಿಗೆ ಕ್ಷಯವೇ ಕಾರಣವಾಗಿತ್ತು. ಇಂದು ಪಾಶ್ಚಾತ್ಯ ದೇಶಗಳಲ್ಲಿ ದೇಹದ ರಕ್ಷಣಾ ವ್ಯವಸ್ಥೆ ತನ್ನ ಗ್ರಂಥಿಯನ್ನೇ ಶತ್ರುವೆಂದು ಭಾವಿಸಿ ನಾಶ ಮಾಡುವುದು ಮುಖ್ಯ ಕಾರಣ. ನಮ್ಮ ದೇಶದಲ್ಲಿ ಕ್ಷಯ ಮತ್ತು ಕೆಲವು ಶಿಲೀಂಧ್ರ ಸೋಂಕುಗಳೂ ಕಾರಣವಾಗುತ್ತವೆ. ಆಡಿಸನ್ನರ ಕಾಲದಲ್ಲಿ ಇದಕ್ಕೆ ಮದ್ದಿರಲಿಲ್ಲ. 1940ರ ದಶಕದ ಕೊನೆಯಲ್ಲಿ ಕಾರ್ಟಿಸೋನ್ ಔಷಧಿಯಾಗಿ ಬಂತು. ಅದರ ಹಿಂದಿದ್ದ ಕೆಂಡಾಲ್, ರೈಕ್‌ಸ್ಟೈನ್, ಹೆಂಚ್ ಎಂಬ ಮೂವರಿಗೆ 1950ರಲ್ಲಿ ನೊಬೆಲ್ ಪ್ರಶಸ್ತಿ ಸಿಕ್ಕಿತು. ಅಮೆರಿಕದ ಅಧ್ಯಕ್ಷರಾಗಿದ್ದ ಜಾನ್ ಕೆನಡಿಗೂ ಇದೇ ಕಾಯಿಲೆ ಇತ್ತು. 1947ರಲ್ಲಿ ಗೊತ್ತಾಯಿತು, 1961ರಲ್ಲಿ ಅಧ್ಯಕ್ಷರಾದರು. ಅವರೂ ನನ್ನಂತೆ ಅದನ್ನು ಜನರಿಂದ ಮುಚ್ಚಿಟ್ಟಿದ್ದರು!

ನನಗೆ ಕ್ಷಯದ ಮಾತ್ರೆ ಮತ್ತೆ ಶುರುವಾಯಿತು. ಜೊತೆಗೆ ಹೈಡ್ರೊಕಾರ್ಟಿಸೋನ್ ಮತ್ತು ಉಪ್ಪು ಹಿಡಿದಿಡಲು ಫ್ಲುಡ್ರೊಕಾರ್ಟಿಸೋನ್. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಎಂಬ ಔಷಧಿ ಸ್ಟಿರಾಯ್ಡನ್ನು ಬೇಗ ಕರಗಿಸಿ ಬಿಡುತ್ತದಂತೆ. ಅದಕ್ಕೆ ಆ ತಿಂಗಳುಗಳಲ್ಲಿ ನನ್ನ ಮಾತ್ರೆಯ ಪ್ರಮಾಣ ಹೆಚ್ಚಿಸಿದ್ದರು. ಸ್ಟಿರಾಯ್ಡ್ ಶುರು ಮಾಡಿದ ಮೂರನೆಯ ದಿನ ನಾನು ಆಸ್ಪತ್ರೆಯ ಮಹಡಿ ಮೆಟ್ಟಿಲನ್ನು ಯಾರ ಕೈಯೂ ಹಿಡಿಯದೆ ಹತ್ತಿದೆ. ಹೊರಡುವಾಗ ಡಾಕ್ಟರಮ್ಮ ಮೂರು ಸಲ ಹೇಳಿದರು: "ಇದು ಜೀವನಪರ್ಯಂತ. ಒಂದು ದಿನವೂ ಬಿಡಬಾರದು."

ನಾನು ಬಿಟ್ಟೆ. ಅದೇ ಎರಡನೆಯ ತಪ್ಪು.

ಮನೆಗೆ ಬಂದ ಮೇಲೆ ಅತ್ತೆಗೆ ಕ್ಷಯದ ಮಾತು ಹೇಳುವ ಧೈರ್ಯ ಬರಲಿಲ್ಲ. "ಶುಗರ್ ಅಂತೆ" ಎಂದು ಹೇಳಿಬಿಟ್ಟೆ. ಮನೆಯವರೂ ಸುಮ್ಮನಾದರು. ಕ್ಷಯದ ಮಾತ್ರೆಯನ್ನು ಈ ಸಲ ಡಾಕ್ಟರು ಸಾಕೆನ್ನುವವರೆಗೂ ತಪ್ಪದೆ ನುಂಗಿದೆ. ಮುಂದಿನ ವರ್ಷ, 2017ರಲ್ಲಿ, ರಮಝಾನ್ ಮೇ ತಿಂಗಳ ಕೊನೆಗೆ ಬಂತು. ನನಗಾಗ ಮೈ ಚೆನ್ನಾಗಿತ್ತು. ಹಿಂದಿನ ವರ್ಷ ಬಿಟ್ಟ ಉಪವಾಸಗಳ ಬೇಸರವೂ ಇತ್ತು. ಡಾಕ್ಟರನ್ನು ಕೇಳಿದರೆ ಬೇಡ ಎಂದಾರು ಎಂದು ಕೇಳಲೇ ಇಲ್ಲ. ಸಹರಿಗೆ ಒಂದು ಮಾತ್ರೆ ನುಂಗಿ, ಹಗಲಿನದನ್ನು ಬಿಟ್ಟು ಉಪವಾಸ ಹಿಡಿದೆ. ಇಫ್ತಾರಿನ ಗಡಿಬಿಡಿಯಲ್ಲಿ ಕೆಲವು ದಿನ ಸಂಜೆಯದೂ ಮರೆತುಹೋಯಿತು. ಐದನೆಯ ದಿನ ಹೊಟ್ಟೆ ಕೆಟ್ಟಿತು. ಅಸರ್ ಹೊತ್ತಿಗೆ ವಾಂತಿ. "ಇನ್ನೊಂದೆರಡು ಗಂಟೆ ತಾನೇ" ಎಂದು ಮಲಗಿದೆ. ಮಗ್ರಿಬ್ ಬಾಂಗ್ ಕೇಳಿಸಿದ ನೆನಪು. ಖರ್ಜೂರ ಬಾಯಿಗಿಟ್ಟದ್ದು ನೆನಪಿಲ್ಲ.

ಮನೆಯವರು ಮಸೀದಿಯಲ್ಲಿದ್ದರು. ಅತ್ತೆ ಕೂಗಿಕೊಂಡಾಗ ಪಕ್ಕದ ಮನೆಯ ಗೌಡರ ಹೆಂಡತಿ ಓಡಿಬಂದು, ಅವರ ಮಗನೇ ಆಟೋ ತಂದು ಆಸ್ಪತ್ರೆಗೆ ಹಾಕಿಕೊಂಡು ಹೋದನಂತೆ. ಡಾಕ್ಟರು "ಏನು ಮಾತ್ರೆ ತೆಗೆದುಕೊಳ್ಳುತ್ತಾಳೆ?" ಎಂದು ಕೇಳಿದಾಗ ಅತ್ತೆ, ಪಾಪ, ತನಗೆ ಗೊತ್ತಿದ್ದದ್ದನ್ನೇ ಹೇಳಿದರು: "ಶುಗರಿನದು." ರಕ್ತದ ಸಕ್ಕರೆ ನೋಡಿದರೆ 48. ಶುಗರಿನ ಮಾತ್ರೆ ತಿಂದು ಉಪವಾಸವಿದ್ದು ಸಕ್ಕರೆ ಇಳಿದಿದೆ ಎಂದು ಯಾರೇ ಆದರೂ ತಿಳಿಯಬೇಕು. ಗ್ಲೂಕೋಸ್ ಏರಿಸಿದರು. ಕಣ್ಣು ಸ್ವಲ್ಪ ತೆರೆದೆನಂತೆ, ಮತ್ತೆ ಮುಚ್ಚಿದೆನಂತೆ. ರಕ್ತದೊತ್ತಡ ಏರಲೇ ಇಲ್ಲ. ಅಷ್ಟರಲ್ಲಿ ಮನೆಯವರು ಮಾತ್ರೆಯ ಹಾಳೆ ಮತ್ತು ಮಣಿಪಾಲದ ಚೀಟಿ ಹಿಡಿದು ಓಡಿಬಂದರು. ಚೀಟಿ ನೋಡಿದ ಕೂಡಲೇ ಡಾಕ್ಟರು 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟು ಸಲೈನ್ ಜೋರಾಗಿ ಬಿಟ್ಟರು. ರಾತ್ರಿ ಹತ್ತರ ಹೊತ್ತಿಗೆ ನಾನು ನೀರು ಕೇಳಿದೆ.

ಮರುದಿನ ಅತ್ತೆಗೆ ಎಲ್ಲವನ್ನೂ ಹೇಳಿದೆ. ಕ್ಷಯದ್ದೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ತಲೆ ಸವರಿ, "ನನಗೆ ಮೊದಲೇ ಹೇಳಿದ್ದರೆ ನಾನೇ ನೆನಪು ಮಾಡಿ ಕೊಡುತ್ತಿದ್ದೆನಲ್ಲ ಮಗಳೇ" ಎಂದರು. ಅಂದಿನಿಂದ ಅವರು ತೀರಿಕೊಳ್ಳುವವರೆಗೂ ಮಧ್ಯಾಹ್ನದ ಅರ್ಧ ಮಾತ್ರೆಯನ್ನು ನೀರಿನ ಲೋಟದ ಜೊತೆ ತಂದು ಕೊಡುತ್ತಿದ್ದವರು ಅವರೇ.

ರೋಗಿಗೆ ಉಪವಾಸದಿಂದ ವಿನಾಯಿತಿ ಇರುವುದು ನಮಗೆಲ್ಲ ಗೊತ್ತಿರುವ ವಿಷಯ. ಗುಣವಾಗುವ ಕಾಯಿಲೆಯಾದರೆ ನಂತರ ಹಿಡಿಯಬಹುದು, ಗುಣವಾಗದ್ದಾದರೆ ಬಡವರಿಗೆ ಊಟ ಕೊಡಬಹುದು. ಬೇರೆಯವರಿಗೆ ಇದನ್ನು ಹೇಳುವ ನಾವು ನಮ್ಮ ಪಾಲಿಗೆ ಬಂದಾಗ ಮಾತ್ರ ಒಪ್ಪುವುದಿಲ್ಲ. ಅಲ್ಲಾಹನು ಕೊಟ್ಟ ರಿಯಾಯಿತಿಯನ್ನು ಸ್ವೀಕರಿಸುವುದೂ ವಿಧೇಯತೆಯೇ ಎಂದು ಆ ರಾತ್ರಿಯ ನಂತರ ನನಗೆ ಅರ್ಥವಾಯಿತು. ಈ ಕಾಯಿಲೆಯ ಕೆಲವರಿಗೆ, ಆರೋಗ್ಯ ಸ್ಥಿರವಾಗಿದ್ದರೆ, ಡಾಕ್ಟರು ಮಾತ್ರೆಯ ಬಗೆ ಮತ್ತು ಹೊತ್ತನ್ನು ಬದಲಿಸಿ ಉಪವಾಸಕ್ಕೆ ಒಪ್ಪುವುದುಂಟು. ಅದು ಡಾಕ್ಟರು ತೀರ್ಮಾನಿಸಬೇಕಾದ ಮಾತು, ಅದೂ ರಮಝಾನ್ ಬರುವ ಒಂದೆರಡು ತಿಂಗಳು ಮುಂಚೆ. ಉಪವಾಸದಲ್ಲಿ ವಾಂತಿ, ಭೇದಿ, ಜ್ವರ, ತಲೆಸುತ್ತು ಬಂದರೆ ಆ ಕ್ಷಣವೇ ಬಿಡಬೇಕು. ಮಗ್ರಿಬ್ ತನಕ ಕಾಯುವಂತಿಲ್ಲ.

ಇನ್ನು ಮೂರನೆಯ ತಪ್ಪು. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ನಮ್ಮ ಮನೆಯವರ ಅಕ್ಕ ಶೃಂಗೇರಿಯಲ್ಲಿದ್ದಾರೆ. ಅವರಿಗೆ ಹಲವು ವರ್ಷದಿಂದ ಉಬ್ಬಸ. ನಮ್ಮ ಮಲೆನಾಡಿನ ಮಳೆ, ಶೀತ, ಒದ್ದೆ ಸೌದೆಯ ಹೊಗೆ ನಿಮಗೆ ಗೊತ್ತೇ ಇದೆ. ಯಾರೋ ಸಂತೆಯಲ್ಲಿ ಮಾರುತ್ತಿದ್ದ ಪುಡಿಯನ್ನು ತಂದುಕೊಟ್ಟಿದ್ದರು. ದಿನಕ್ಕೆ ಎರಡು ಪೊಟ್ಟಣ. ತಿಂದ ಮರುದಿನವೇ ಉಸಿರು ಸಲೀಸು. ಮೂರು ವರ್ಷ ಅದನ್ನೇ ತಿಂದರು. ಮುಖ ಹುಣ್ಣಿಮೆಯ ಚಂದ್ರನ ಹಾಗೆ ದುಂಡಗಾಯಿತು, "ಒಳ್ಳೆ ಮೈ ಬಂದಿದೆ" ಎಂದು ಎಲ್ಲರೂ ಹೊಗಳಿದರು. ಆದರೆ ಕೈಕಾಲು ಸಣಕಲು, ಕತ್ತಿನ ಹಿಂದೆ ಗುಬ್ಬು, ಸ್ವಲ್ಪ ತಾಗಿದರೂ ಚರ್ಮದ ಮೇಲೆ ನೀಲಿ ಕಲೆ. ಸುಜೂದಿನಿಂದ ಏಳಲು ಪಕ್ಕದ ಕುರ್ಚಿ ಹಿಡಿಯಬೇಕಾಗಿತ್ತು. ಶುಗರ್, ಬಿ.ಪಿ. ಎರಡೂ ಬಂದಿದ್ದವು.

ನನ್ನ ಕಾಯಿಲೆಯ ದೆಸೆಯಿಂದ ನಾನು ಒಂದಿಷ್ಟು ಓದಿಕೊಂಡಿದ್ದೆ. ನನ್ನಲ್ಲಿ ಕಾರ್ಟಿಸೋಲ್ ಇಲ್ಲದೆ ಆದದ್ದರ ತಿರುಗುಮುರುಗು ಇದು, ಅತಿಯಾದ ಸ್ಟಿರಾಯ್ಡ್‌ನಿಂದ ಆಗುವ ಕುಶಿಂಗ್ ಎಂಬ ತೊಂದರೆ ಎಂದು ನೋಡಿದ ಕೂಡಲೇ ಹೊಳೆಯಿತು. ಹಾರ್ವೆ ಕುಶಿಂಗ್ ಎಂಬ ಅಮೆರಿಕದ ಶಸ್ತ್ರವೈದ್ಯರು 1912ರಲ್ಲೇ ಇಂತಹ ರೋಗಿಯನ್ನು ವಿವರಿಸಿದ್ದರು. ಕೆಲವರಿಗೆ ಪಿಟ್ಯುಟರಿ ಅಥವಾ ಅಡ್ರಿನಲ್‌ನಲ್ಲಿ ಗಡ್ಡೆಯಾಗಿ ಹೀಗಾಗುತ್ತದೆ. ಆದರೆ ಹೆಚ್ಚಿನವರಿಗೆ ಆಗುವುದು ಹೊರಗಿನಿಂದ ತಿಂದ ಸ್ಟಿರಾಯ್ಡ್‌ನಿಂದ. "ಅಕ್ಕಾ, ಇದು ವಿಷ. ಇವತ್ತೇ ಬಿಸಾಡಿ" ಎಂದೆ. ನನ್ನ ಮಾತಿನ ಮೇಲೆ ಅವರಿಗೆ ನಂಬಿಕೆ. ಇದ್ದ ಪೊಟ್ಟಣಗಳನ್ನೆಲ್ಲ ನನ್ನೆದುರೇ ಒಲೆಗೆ ಹಾಕಿದರು. ದೊಡ್ಡ ಉಪಕಾರ ಮಾಡಿದೆನೆಂದು ನಾನು ಕೊಪ್ಪಕ್ಕೆ ಮರಳಿದೆ.

ಅದು 2019ರ ಮಳೆಗಾಲ. ತುಂಗೆ ತುಂಬಿ ಹರಿಯುತ್ತಿದ್ದಳು. ಎಂಟನೆಯ ದಿನ ಫೋನು ಬಂತು. ಅಕ್ಕನಿಗೆ ಜ್ವರ, ವಾಂತಿ, ಮೈಯಲ್ಲಿ ಪ್ರಜ್ಞೆಯಿಲ್ಲ. ನನಗೆ ಒಂದೇ ಕ್ಷಣದಲ್ಲಿ ಗೊತ್ತಾಯಿತು. ನನಗೆ ಕೊಪ್ಪದಲ್ಲಿ ಆದದ್ದೇ ಅವರಿಗೆ ಶೃಂಗೇರಿಯಲ್ಲಿ ಆಗುತ್ತಿತ್ತು. ಹೊರಗಿನಿಂದ ದಿನವೂ ಸ್ಟಿರಾಯ್ಡ್ ಬರುತ್ತಿದ್ದರೆ ಪಿಟ್ಯುಟರಿ ತನ್ನ ಹಾರ್ಮೋನು ಕಳಿಸುವುದನ್ನು ನಿಲ್ಲಿಸುತ್ತದೆ. ಅಡ್ರಿನಲ್ ನಿದ್ದೆಗೆ ಜಾರುತ್ತದೆ. ಮೂರು ನಾಲ್ಕು ವಾರಕ್ಕಿಂತ ಹೆಚ್ಚು ತಿಂದರೆ ಹೀಗಾಗಬಹುದು. ಅಕ್ಕ ತಿಂದದ್ದು ಮೂರು ವರ್ಷ. ಒಮ್ಮೆಗೇ ನಿಲ್ಲಿಸಿದರೆ ಗ್ರಂಥಿ ಎಚ್ಚರವಾಗುವುದಿಲ್ಲ. ಮೈಯಲ್ಲಿ ಕಾರ್ಟಿಸೋಲ್ ಎಂಬುದೇ ಇರುವುದಿಲ್ಲ. ಇವರಲ್ಲಿ ಎ.ಸಿ.ಟಿ.ಎಚ್. ಕಡಿಮೆ ಇರುವುದರಿಂದ ಮೈ ಕಪ್ಪಾಗುವುದೂ ಇಲ್ಲ, ಹಾಗಾಗಿ ಗುರುತು ಹಿಡಿಯುವುದು ಇನ್ನೂ ಕಷ್ಟ.

ಫೋನಿನಲ್ಲೇ ಅಳುತ್ತಾ ಹೇಳಿದೆ, "ಆಸ್ಪತ್ರೆಯವರಿಗೆ ಪುಡಿಯ ವಿಷಯ ಹೇಳಿ. ಮೂರು ವರ್ಷ ತಿಂದದ್ದು, ಎಂಟು ದಿನದ ಹಿಂದೆ ನಿಲ್ಲಿಸಿದ್ದು ಎಲ್ಲ ಹೇಳಿ." ಹೇಳಿದ್ದರಿಂದ ಉಳಿದರು. ಅದೇ ಇಂಜೆಕ್ಷನ್, ಅದೇ ಸಲೈನ್. ಆಮೇಲೆ ಡಾಕ್ಟರು ಲೆಕ್ಕ ಹಾಕಿ ಪ್ರೆಡ್ನಿಸೊಲೋನ್ ಮಾತ್ರೆ ಕೊಟ್ಟು, ಅದನ್ನು ಚೂರು ಚೂರೇ ಇಳಿಸುತ್ತಾ ಬಂದರು. ಅವರ ಗ್ರಂಥಿ ಪೂರ್ತಿ ಎಚ್ಚರವಾಗಲು ಒಂದು ವರ್ಷವೇ ಬೇಕಾಯಿತು. ಉಬ್ಬಸಕ್ಕೆ ಇನ್‌ಹೇಲರ್ ಶುರುವಾಯಿತು. ಅದರಲ್ಲೂ ಸ್ಟಿರಾಯ್ಡ್ ಇದೆ, ಆದರೆ ಬಹಳ ಕಡಿಮೆ ಪ್ರಮಾಣ, ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಅಕ್ಕ ಇವತ್ತಿಗೂ ನನ್ನನ್ನು ಒಂದು ಮಾತು ಆಡಿಲ್ಲ. ಪುಡಿ ಕೆಟ್ಟದ್ದು ಎಂದು ನಾನು ಹೇಳಿದ್ದು ಸರಿಯಿತ್ತು. ಡಾಕ್ಟರಿಗೆ ತೋರಿಸದೆ ಒಮ್ಮೆಗೇ ಬಿಸಾಡಿ ಎಂದದ್ದು ತಪ್ಪು. ಅರ್ಧ ತಿಳಿದು ಬುದ್ಧಿ ಹೇಳುವುದು ಏನೂ ತಿಳಿಯದಿರುವುದಕ್ಕಿಂತ ಅಪಾಯ.

ಸಹೋದರಿಯರೇ, ಸ್ಟಿರಾಯ್ಡ್ ಎಂದರೆ ವಿಷವೂ ಅಲ್ಲ, ಅಮೃತವೂ ಅಲ್ಲ. ನನಗೆ ಅದು ಅನ್ನದಷ್ಟೇ ಅಗತ್ಯ, ಏಕೆಂದರೆ ನನ್ನ ಮೈ ತಾನೇ ಮಾಡಬೇಕಾದಷ್ಟನ್ನೇ ಹೊರಗಿನಿಂದ ತುಂಬುತ್ತಿದ್ದೇನೆ. ಲೆಕ್ಕವಿಲ್ಲದೆ ತಿಂದ ಅಕ್ಕನಿಗೆ ಅದೇ ಕಂಟಕವಾಯಿತು. ನಿಮ್ಮ ಮನೆಯಲ್ಲಿ ಗಂಟುನೋವಿಗೋ, ಉಬ್ಬಸಕ್ಕೋ, ಚರ್ಮದ ತುರಿಕೆಗೋ ಹೆಸರಿಲ್ಲದ ಪುಡಿ, ಮಾತ್ರೆ ತಿನ್ನುವವರಿದ್ದಾರೆಯೇ? ತಿಂದ ಮರುದಿನವೇ ಜಾದೂವಿನಂತೆ ಗುಣ ಕಾಣುತ್ತಿದೆಯೇ? ಹಾಗಿದ್ದರೆ ಬಿಸಾಡಬೇಡಿ, ಮುಂದುವರಿಸಲೂ ಬೇಡಿ. ಪೊಟ್ಟಣ ಸಮೇತ ಆ ದಿನವೇ ಡಾಕ್ಟರ ಬಳಿ ಹೋಗಿ.

ನನ್ನಂತೆ ಅಡ್ರಿನಲ್ ಕೆಲಸ ಮಾಡದವರು ನೆನಪಿಡಬೇಕಾದ ಕೆಲವು ಮಾತುಗಳಿವೆ. ಆರೋಗ್ಯವಂತರಿಗೆ ಜ್ವರ ಬಂದಾಗ ಗ್ರಂಥಿ ತಾನೇ ಹೆಚ್ಚು ಕಾರ್ಟಿಸೋಲ್ ಮಾಡುತ್ತದೆ. ನಮಗೆ ನಾವೇ ಹೆಚ್ಚಿಸಬೇಕು. ಜ್ವರ ಬಂದ ದಿನಗಳಲ್ಲಿ ಮಾತ್ರೆಯನ್ನು ಎರಡು ಪಟ್ಟು, ಜೋರು ಜ್ವರವಾದರೆ ಮೂರು ಪಟ್ಟು ಮಾಡಲು ನನಗೆ ಹೇಳಿಕೊಟ್ಟಿದ್ದಾರೆ. ನಿಮ್ಮ ಲೆಕ್ಕವನ್ನು ನಿಮ್ಮ ಡಾಕ್ಟರಿಂದಲೇ ಬರೆಸಿಕೊಳ್ಳಿ. ನಮ್ಮ ಮೂರು ತಾಲ್ಲೂಕುಗಳಲ್ಲಿ ಮಂಗನ ಕಾಯಿಲೆ, ಇಲಿಜ್ವರ, ಡೆಂಗಿ ಎಲ್ಲ ಇರುವುದರಿಂದ ಜ್ವರ ಎಂದರೆ ಮನೆಯಲ್ಲಿ ಕುಳಿತಿರುವಂತಿಲ್ಲ, ಪರೀಕ್ಷೆಯೂ ಆಗಬೇಕು. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಇಂಜೆಕ್ಷನ್ನೇ ಬೇಕು. ನನ್ನ ಮನೆಯಲ್ಲಿ ಒಂದು ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಸದಾ ಇರುತ್ತದೆ. ದೊಡ್ಡ ಮಗಳು ಅದನ್ನು ತೊಡೆಗೆ ಚುಚ್ಚುವುದನ್ನು ಕಲಿತಿದ್ದಾಳೆ. ಚುಚ್ಚಿದ ಮೇಲೂ ಆಸ್ಪತ್ರೆಗೆ ಹೋಗಲೇಬೇಕು. ಹಲ್ಲು ಕೀಳಿಸುವ ಮುಂಚೆ, ಯಾವುದೇ ಶಸ್ತ್ರಚಿಕಿತ್ಸೆಯ ಮುಂಚೆ ಈ ಕಾಯಿಲೆ ಇದೆಯೆಂದು ಹೇಳಬೇಕು. ಈ ಕಾಯಿಲೆಯ ಹೆಣ್ಣುಮಕ್ಕಳಿಗೂ ಮದುವೆ, ಬಸಿರು, ಬಾಣಂತನ ಎಲ್ಲ ಸಾಧ್ಯ. ಹೆರಿಗೆಯ ಹೊತ್ತಿಗೆ ಹೆಚ್ಚಿನ ಸ್ಟಿರಾಯ್ಡ್ ಕೊಡಬೇಕೆಂಬುದು ಡಾಕ್ಟರಿಗೆ ತಿಳಿದಿದ್ದರೆ ಸಾಕು.

ಫ್ಲುಡ್ರೊಕಾರ್ಟಿಸೋನ್ ನಮ್ಮ ಊರಿನ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಮಳೆಗಾಲಕ್ಕೆ ಸೌದೆ, ಒಣಮೀನು ಕೂಡಿಡುವ ಹಾಗೆ ನಾನು ಮೇ ತಿಂಗಳಲ್ಲೇ ಮೂರು ತಿಂಗಳ ಮಾತ್ರೆ ತರಿಸಿಡುತ್ತೇನೆ. ಮರ ಬಿದ್ದು ರಸ್ತೆ ಮುಚ್ಚಿದರೂ ಚಿಂತೆಯಿಲ್ಲ.

ಅಡ್ರಿನಲ್‌ನ ತೊಂದರೆ ಇನ್ನೂ ಕೆಲವು ರೂಪದಲ್ಲಿ ಬರುತ್ತದೆ. ಸಣ್ಣ ವಯಸ್ಸಿನಲ್ಲೇ ಏರಿದ ರಕ್ತದೊತ್ತಡ, ಜೊತೆಗೆ ಪೊಟ್ಯಾಸಿಯಂ ಕಡಿಮೆ ಇದ್ದರೆ ಆಲ್ಡೊಸ್ಟಿರೋನ್ ಹೆಚ್ಚಾಗಿರಬಹುದು. ಆಗಾಗ ಇದ್ದಕ್ಕಿದ್ದಂತೆ ತಲೆನೋವು, ಬೆವರು, ಎದೆಬಡಿತ ಒಟ್ಟಿಗೇ ಬಂದು ಬಿ.ಪಿ. ಏರುತ್ತಿದ್ದರೆ ಒಳತಿರುಳಿನಲ್ಲಿ ಗಡ್ಡೆ ಇರಬಹುದು. ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುತ್ತಾರೆ. ಹುಟ್ಟಿನಿಂದಲೇ ಬರುವ ಒಂದು ಬಗೆಯೂ ಇದೆ. ಹಸುಗೂಸು ಎರಡನೆಯ ವಾರದ ಹೊತ್ತಿಗೆ ವಾಂತಿ ಮಾಡಿಕೊಂಡು ಸೊರಗುವುದು, ಹೆಣ್ಣು ಮಗುವಿನ ಗುಪ್ತಾಂಗದ ರಚನೆ ಬೇರೆ ರೀತಿ ಕಾಣುವುದು ಅದರ ಲಕ್ಷಣ. ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಯಾದ್ದರಿಂದ ರಕ್ತಸಂಬಂಧದ ಮದುವೆಗಳಲ್ಲಿ ಇದರ ಸಾಧ್ಯತೆ ಹೆಚ್ಚು. ನಾಚಿಕೆಯಿಂದ ಮುಚ್ಚಿಡದೆ ತಕ್ಷಣ ಮಕ್ಕಳ ಡಾಕ್ಟರಿಗೆ ತೋರಿಸಿದರೆ ಇದೇ ಮಾತ್ರೆಗಳಿಂದ ಮಗು ಉಳಿದು ಬೆಳೆಯುತ್ತದೆ.

ಕ್ಷಯದ ಬಗ್ಗೆಯೂ ಒಂದು ಮಾತು. ಔಷಧಿ ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರ್‌ನಿಂದ 1,000ಕ್ಕೆ ಏರಿಸಿದ್ದಾರೆ. ಮಗಳ ಮದುವೆಯ ಚಿಂತೆಯಿಂದ ಮಾತ್ರೆಯನ್ನು ಅಟ್ಟಕ್ಕೇರಿಸುವ ತಾಯಂದಿರು ಈಗಲೂ ಇದ್ದಾರೆ. ನನ್ನ ಉಮ್ಮ ನನ್ನ ಒಳ್ಳೆಯದಕ್ಕೇ ಹಾಗೆ ಮಾಡಿದ್ದರು. ಅವರನ್ನು ನಾನು ದೂರುವುದಿಲ್ಲ. ಆದರೆ ನೀವು ಹಾಗೆ ಮಾಡಬೇಡಿ.

ಈಗ ನನ್ನ ಪರ್ಸಿನಲ್ಲಿ ಒಂದು ಚೀಟಿ ಇದೆ. ಒಂದು ಬದಿ ಕನ್ನಡದಲ್ಲಿ, ಇನ್ನೊಂದು ಬದಿ ಇಂಗ್ಲಿಷಿನಲ್ಲಿ ಬರೆದಿದೆ: ನನಗೆ ಅಡ್ರಿನಲ್ ಗ್ರಂಥಿ ಕೆಲಸ ಮಾಡುವುದಿಲ್ಲ, ಪ್ರಜ್ಞೆ ತಪ್ಪಿದ್ದರೆ ಕೂಡಲೇ 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಕೊಡಿ. ಅದರ ಇನ್ನೊಂದು ಪ್ರತಿ ಅಡುಗೆಮನೆಯ ಗೋಡೆಯ ಮೇಲಿದೆ. ಬಂದ ನೆಂಟರೆಲ್ಲ ಓದುತ್ತಾರೆ. ಪಕ್ಕದ ಮನೆಯವರಿಗೂ ಗೊತ್ತು. ಯಾರಾದರೂ "ಶುಗರಿನ ಮಾತ್ರೆಯಾ?" ಎಂದು ಕೇಳಿದರೆ "ಅಲ್ಲ, ಕೂತುಕೊಳ್ಳಿ, ಹೇಳುತ್ತೇನೆ" ಎನ್ನುತ್ತೇನೆ. ಚಹಾ ಕುಡಿದು ಮುಗಿಯುವಷ್ಟರಲ್ಲಿ ಹೇಳಿ ಮುಗಿಯುತ್ತದೆ.

ಕಳೆದ ಕೊಯ್ಲಿನಲ್ಲಿ ನಾನು ಮತ್ತೆ ಮೆಟ್ಟುಗತ್ತಿಯ ಮುಂದೆ ಕುಳಿತೆ. ಶೃಂಗೇರಿಯಿಂದ ಅಕ್ಕನೂ ಬಂದಿದ್ದರು. ಸಂಜೆ ಅವರೇ ಎದ್ದು ಹೋಗಿ ನನ್ನ ಅರ್ಧ ಮಾತ್ರೆ ತಂದು ಕೈಗಿಟ್ಟರು. ನಿಮ್ಮ ಮನೆಯಲ್ಲೂ ಕಾರಣ ತಿಳಿಯದ ಸುಸ್ತಿನಿಂದ ಗೋಡೆ ಹಿಡಿದು ನಡೆಯುವ ಹೆಣ್ಣುಮಗಳೊಬ್ಬಳು ಇರಬಹುದು. ಅವಳನ್ನು ಸೋಮಾರಿ ಎನ್ನುವ ಮುಂಚೆ ಒಮ್ಮೆ ಅವಳ ಅಂಗೈ ಬಿಡಿಸಿ ನೋಡಿ. ಉಪ್ಪಿನ ಆಸೆಯಾಗುತ್ತದೆಯೇ ಎಂದು ಕೇಳಿ. ಎಲ್ಲರಿಗೂ ಅಲ್ಲಾಹನು ಆರೋಗ್ಯ ಕರುಣಿಸಲಿ.